ಓದಿ ಹೇಳಿ, ಕೇಳಿ, ಸರಿಯಿದೆ

ವಕೀಲೆ ಅರ್ಧ ವಾಕ್ಯಕ್ಕೆ ನಿಂತು ಕಾಗದ ಹುಡುಕುತ್ತಿದ್ದಳು. ಅವಳು ಹೇಳಿದ್ದನ್ನು ಟೈಪು ಹೊಡೆಯುತ್ತಿದ್ದ ಅವನ ಬೆರಳುಗಳು ಮಾತ್ರ ನಿಲ್ಲಲಿಲ್ಲ. ಉಳಿದರ್ಧವನ್ನು ಹೊಡೆದು, ಪೂರ್ಣವಿರಾಮವನ್ನೂ ಇಟ್ಟು ಆಮೇಲೆ ಸುಮ್ಮನಾದವು. ಪರದೆಯ ಮೇಲೆ ಹೀಗಿತ್ತು: ‘ಸ್ವಲ್ಪ ಸಮಯದ ಅನಂತರ ನಾನು ಪ್ರತಿರೋಧವನ್ನು ಕೈಬಿಟ್ಟೆನು.’ ಕಾಗದ ಸಿಕ್ಕಿ ಓದಲು ಹೊರಟವಳು ಪರದೆ ನೋಡಿದಳು, ಕಾಗದ ನೋಡಿದಳು, ಮತ್ತೆ ಪರದೆ ನೋಡಿದಳು. ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. “ಇದು ನಿಮಗೆ ಹೇಗೆ ಗೊತ್ತು ಮೇಷ್ಟ್ರೇ?” ಎಂದಳು. “ಎಲ್ರೂ ಬಂದು ಹೊಡೆಸ್ತಾರಲ್ಲಮ್ಮ, ಬಾಯಿಪಾಠ ಆಗಿದೆ” ಎಂದ. ಅದು ಶುದ್ಧ ಸುಳ್ಳು. ಕೋರ್ಟಿನ ಬೆರಳಚ್ಚುಗಾರನಾಗಿದ್ದು ನಿವೃತ್ತನಾಗಿ, ಅದರ ಎದುರಿನ ಈ ಟೈಪಿಂಗ್ ಅಂಗಡಿಯಲ್ಲಿ ಕೂತು ಐದು ವರ್ಷವಾಗಿತ್ತು, ಯಾರೂ ಇದನ್ನು ಅವನ ಕೈಲಿ ಹೊಡೆಸಿರಲಿಲ್ಲ. ಅವನು ಇದನ್ನು ಹೊಡೆದದ್ದು ಒಂದೇ ಒಂದು ಸಲ, ಮೂವತ್ತೊಂದು ವರ್ಷದ ಹಿಂದೆ, ಎದುರಿನ ಕಟ್ಟಡದ ಎರಡನೆಯ ಮಹಡಿಯಲ್ಲಿ, ಮೂರು ಕಾರ್ಬನ್ ಹಾಳೆ ಇಟ್ಟುಕೊಂಡು. ತಾನು ಮರೆತಿದ್ದೇನೆಂದುಕೊಂಡದ್ದನ್ನು ಬೆರಳುಗಳು ಮರೆತಿರಲಿಲ್ಲ ಎಂಬುದು ತಿಳಿದದ್ದೇ ಅವನಿಗೆ ಕುರ್ಚಿಯಲ್ಲಿ ಕೂತಿದ್ದರೂ ಎಲ್ಲಾದರೂ ಕೂರಬೇಕು ಅನ್ನಿಸಿತು.

ಬೆಳಿಗ್ಗೆಯಿಂದ ಎಷ್ಟು ಉತ್ಸಾಹದಲ್ಲಿದ್ದ! ಮಹಡಿಯ ಮೆಟ್ಟಿಲ ಕೆಳಗಿನ ಅಂಗಡಿ ಅದು. ಮೂರು ಕುರ್ಚಿ, ಒಂದು ಕಂಪ್ಯೂಟರು, ಸದಾ ಬಿಸಿಗಾಳಿ ಬಿಡುವ ಜೆರಾಕ್ಸ್ ಯಂತ್ರ. ಇಲ್ಲಿಗೆ ಬರುವ ವಕೀಲರು ಅರ್ಜಿ ಹೊಡೆಸಲು ಬರುತ್ತಿದ್ದರೋ ಭಾಷೆ ತಿದ್ದಿಸಲು ಬರುತ್ತಿದ್ದರೋ ಹೇಳುವುದು ಕಷ್ಟ. ಕೋರ್ಟಿನಲ್ಲಿದ್ದಾಗ ಸಹೋದ್ಯೋಗಿಗಳು ಅವನಿಗಿಟ್ಟ ಹೆಸರು ವ್ಯಾಕರಣ. ವ್ಯಾಕರಣ ಬಂದ, ವ್ಯಾಕರಣಕ್ಕೆ ಟೀ ಕೊಡಪ್ಪ, ವ್ಯಾಕರಣಕ್ಕೆ ಇವತ್ತು ನೆಗಡಿಯಂತೆ. ಹೊಸ ವಕೀಲರು ಮರ್ಯಾದೆಗೆ ಮೇಷ್ಟ್ರೇ ಎನ್ನುತ್ತಿದ್ದರು. ಅವನಿಗೆ ಎರಡೂ ಇಷ್ಟ. ಈ ವಕೀಲೆಗೆ ಮೂವತ್ತೂ ಆಗಿರಲಿಲ್ಲ, ಕರಿಕೋಟಿನ ತೋಳು ಉದ್ದವಾಗಿ ಮಡಚಿಕೊಂಡಿದ್ದಳು, ಹೇಳುವಾಗ ಅರ್ಧ ಇಂಗ್ಲಿಷು ಅರ್ಧ ಕನ್ನಡ. ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಹುಡುಗಿಯೊಬ್ಬಳ ಮೇಲೆ ಅಲ್ಲಿನ ಮೇಲ್ವಿಚಾರಕ ಬಲಾತ್ಕಾರ ಮಾಡಿದ್ದ. ಹುಡುಗಿಯ ಪರವಾಗಿ ನಾಡಿದ್ದು ಇವಳ ವಾದ. ಲಿಖಿತ ವಾದವನ್ನು ಇವತ್ತೇ ಹೊಡೆಸಿ ಮುಗಿಸಬೇಕಿತ್ತು. ಮೊದಲ ಪುಟದಲ್ಲೇ ಅವನನ್ನು ಹಿಡಿದಿದ್ದಳು. “ಬಲಾತ್ಕಾರ ಅಂದೆ ನಾನು. ನೀವು ಮಾನಭಂಗ ಅಂತ ಹೊಡೆದಿದೀರಿ.” “ಅದು ಸ್ವಲ್ಪ ಸಭ್ಯವಾಗಿರುತ್ತಮ್ಮ.” “ಯಾರಿಗೆ ಸಭ್ಯ? ಮಾನ ಯಾರದ್ದು ಭಂಗ ಆಗಿದ್ದು? ತಪ್ಪು ಮಾಡಿದೋನ ಮಾನ ಅಲ್ವಾ ಹೋಗಬೇಕಾಗಿದ್ದು?” ಅವನು ನಕ್ಕು ತಿದ್ದಿದ. ಮೂವತ್ತಾರು ವರ್ಷದ ನೌಕರಿಯಲ್ಲಿ ಆ ಪದವನ್ನು ಸಾವಿರ ಸಲವಾದರೂ ಹೊಡೆದಿರಬೇಕು. ಅದಕ್ಕೆ ಕರ್ತೃವೇ ಇಲ್ಲ, ಮಾನ ತಾನಾಗಿ ಹೋಗುತ್ತದೆ, ಮಳೆ ಬಂದ ಹಾಗೆ ಹಾಲು ಒಡೆದ ಹಾಗೆ, ಎಂಬುದು ಇಂಥ ವೈಯಾಕರಣಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಆಮೇಲೆ ಅವಳು ಹಳೆಯ ಕಾಲದ ಶಿಕ್ಷೆಗಳ ಬಗ್ಗೆ ಒಂದೂವರೆ ಪುಟ ಹೇಳಿ ಹೊಡೆಸಿದಳು. ಇದು ಕೋರ್ಟಿಗೆ ಯಾಕೆ ಎಂದು ಅವನು ಕೇಳಿದ್ದಕ್ಕೆ, ನಾವು ಎಲ್ಲಿಂದ ಎಲ್ಲಿಗೆ ಬಂದಿದ್ದೇವೆ ಅಂತ ನ್ಯಾಯಾಧೀಶರಿಗೆ ಗೊತ್ತಾಗಲಿ ಎಂದಳು. ಒಂದು ಕಡೆ ದಂಡ ಹುಡುಗಿಗಲ್ಲ, ಅವಳ ತಂದೆಗೆ ಸಲ್ಲುತ್ತಿತ್ತು, ಅವನ ವಸ್ತು ಹಾಳಾಯಿತೆಂದು. ದಾಸಿಯಾದರೆ ಯಜಮಾನನಿಗೆ. ಇನ್ನೊಂದು ಕಡೆ ಅಪರಾಧಿ ಅವಳನ್ನೇ ಮದುವೆಯಾದರೆ ಅಪರಾಧವೇ ಅಳಿಸಿಹೋಗುತ್ತಿತ್ತು, ಅಂಥ ಕಾನೂನು ಮೊನ್ನೆ ಮೊನ್ನೆಯವರೆಗೂ ಇದ್ದ ದೇಶಗಳಿವೆ. ಮತ್ತೊಂದು ಕಡೆ, ಅಪರಾಧ ಊರೊಳಗೆ ನಡೆದಿದ್ದು ಅವಳು ಕೂಗಿಕೊಳ್ಳದಿದ್ದರೆ ಅವಳಿಗೂ ಕಲ್ಲಿನ ಸಾವು. ಹೊಲದಲ್ಲಿ ನಡೆದಿದ್ದರೆ ಕೂಗಿದರೂ ಯಾರಿಗೂ ಕೇಳುತ್ತಿರಲಿಲ್ಲವೆಂದು ಅವಳಿಗೆ ಬಿಡುಗಡೆ. ಮೇಲಿನವನು ಮಾಡಿದರೆ ಒಂದು ಶಿಕ್ಷೆ, ಕೆಳಗಿನವನು ಮಾಡಿದರೆ ಇನ್ನೊಂದು. ಅವನು ಹೊಡೆಯುತ್ತ ಹೊಡೆಯುತ್ತ ತಲೆ ಅಲ್ಲಾಡಿಸಿದ. “ಏನ್ ಜನಾನಮ್ಮ ಇವರು! ಮನುಷ್ಯರಾ?” ಎಂದ. ಆ ಮಾತಿನಲ್ಲಿ ನಿಜವಾದ ಬೇಸರವಿತ್ತು, ಅದರ ಜೊತೆಗೆ ಸಣ್ಣದೊಂದು ನೆಮ್ಮದಿಯೂ ಇತ್ತು, ಯಾವುದೋ ಕಾಲದ ಯಾರದೋ ಪಾಪವನ್ನು ದೂರದಿಂದ ನೋಡುವವನ ನೆಮ್ಮದಿ. “ಈಗ ನಮ್ಮ ಕೋರ್ಟಿಗೆ ಬರೋಣ ಮೇಷ್ಟ್ರೇ” ಎಂದಳು ಅವಳು, ಎದುರಿನ ಕಟ್ಟಡದ ಕಡೆ ಗದ್ದ ಚಾಚಿ. “ಎದುರು ಪಾರ್ಟಿ ವಕೀಲರು ಇಟ್ಕೊಂಡಿರೋದು ಒಂದೇ ಹಳೇ ತೀರ್ಪು, ಇಲ್ಲೇ ಆಗಿದ್ದು, ಹೈಕೋರ್ಟೂ ಎತ್ತಿಹಿಡಿದಿದ್ದು. ನಮ್ಮ ಹುಡುಗಿ ಕೊನೆಗೆ ಕೂಗೋದು ನಿಲ್ಲಿಸಿದಾಳೆ, ಅಂದ್ಮೇಲೆ ಒಪ್ಪಿದಾಳೆ ಅಂತ ಅದನ್ನ ಓದ್ತಾರೆ. ಅದನ್ನ ಕೋರ್ಟು ಒಪ್ಪಿದ್ರೆ ಆ ಮೇಲ್ವಿಚಾರಕ ಆರಾಮಾಗಿ ಮನೆಗೆ ಹೋಗ್ತಾನೆ. ಹೊಡೀರಿ: ಸದರಿ ತೀರ್ಪಿನಲ್ಲಿ ಸಾಕ್ಷಿಯ ಸ್ವಂತ ಮಾತೆಂದು ಉದ್ಧರಿಸಲಾದ, ಒಂದು ನಿಮಿಷ, ಇಲ್ಲೇ ಇತ್ತು ಕಾಗದ...” ಅಷ್ಟರಲ್ಲಿ ಬೆರಳುಗಳು ಮುಗಿಸಿದ್ದವು.

ಊಟಕ್ಕೆ ಹೋಗಿ ಬರುತ್ತೇನೆಂದು ಎದ್ದುಬಿಟ್ಟ. ಎರಡು ಗಂಟೆಗೆ ಬರುತ್ತೇನೆ ಎಂದಳು. ಮನೆಗೆ ಹತ್ತು ನಿಮಿಷದ ದಾರಿ. ಸೇತುವೆಯ ಕೆಳಗಿನ ಸಾಲು ಅಂಗಡಿ, ಬೀಗದವನು, ಕನ್ನಡಕದವನು, ಬಸ್ಸಿಗೆ ಕಾದು ನಿಂತ ಆಸ್ಪತ್ರೆಯ ನರ್ಸುಗಳು. ಸಾಕ್ಷಿಯ ಸ್ವಂತ ಮಾತು. ಅದು ಸ್ವಂತ ಮಾತಲ್ಲ, ನನ್ನ ಮಾತು ಎಂದು ಅವನಿಗೆ ಗಟ್ಟಿಯಾಗಿ ಹೇಳಬೇಕೆನ್ನಿಸಿತು, ಎದುರು ಬಂದವನೊಬ್ಬ ಪಕ್ಕಕ್ಕೆ ಸರಿದಾಗಲೇ ನಿಜಕ್ಕೂ ಹೇಳಿಬಿಟ್ಟಿದ್ದನೆಂದು ತಿಳಿದದ್ದು. ಆ ಹಳೆಯ ಕೇಸಿನ ಹುಡುಗಿ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದವಳು. ಇಪ್ಪತ್ತೆರಡೋ ಇಪ್ಪತ್ತಮೂರೋ. ಕಟಕಟೆಯಲ್ಲಿ ನಿಂತು ತನ್ನ ಕೈಯನ್ನೇ ನೋಡಿಕೊಂಡು ಹೇಳುತ್ತಿದ್ದಳು. ಗೋದಾಮಿನ ಕಿಟಕಿ, ಸರಳು ಹಿಡ್ಕೊಂಡಿದ್ದೆ, ಅವನು ಎಳೀತಿದ್ದ, ಹಿಡ್ಕೊಂಡೇ ಇದ್ದೆ, ಎಷ್ಟೊತ್ತು ಅಂತ ಗೊತ್ತಿಲ್ಲ, ಆಮೇಲೆ ಕೈ ಬಿಟ್ಟೋಯ್ತು. ನ್ಯಾಯಾಧೀಶರಿಗೆ ಒಂದು ಕಿವಿ ಮಂದ. ಅದನ್ನು ಯಾರೂ ಹೇಳುವಂತಿರಲಿಲ್ಲ. ಅವರು ಅವನ ಕಡೆ ತಿರುಗಿ “ಏನಂದ್ಳು?” ಎಂದರು. ಸಾಕ್ಷಿಗಳ ಕಾಡುಭಾಷೆಯನ್ನು ಕೋರ್ಟಿನ ಭಾಷೆಗೆ ತರುವುದು ಅವನ ಹೆಮ್ಮೆ. ಅವನಿಗಾಗಲೇ ವಾಕ್ಯ ಸಿದ್ಧವಾಗಿತ್ತು, ತೂಕವಿತ್ತು, ಲಯವಿತ್ತು. “ಸ್ವಲ್ಪ ಸಮಯದ ಅನಂತರ ನಾನು ಪ್ರತಿರೋಧವನ್ನು ಕೈಬಿಟ್ಟೆನು, ಅಂತ ಸ್ವಾಮಿ.” “ಹ್ಞಾ. ಬರಿ.” ಹೊಡೆದ. ಕೈಬಿಟ್ಟೆನು ಎನ್ನುವ ಹೊತ್ತಿಗೆ ಟೈಪ್‌ರೈಟರಿನ ಗಂಟೆಯೂ ಬಾರಿಸಿತು, ಸಾಲು ಅಲ್ಲಿಗೇ ಸರಿಯಾಗಿ ಮುಗಿದಿತ್ತು. ಎಂಥ ಅಚ್ಚುಕಟ್ಟು ಎಂದುಕೊಂಡಿದ್ದ.

ಹೆಂಡತಿ ಬಟಾಣಿ ಬಿಡಿಸುತ್ತ ಕೂತಿದ್ದಳು. ಕೈಕಾಲು ತೊಳೆಯದೆ ಎದುರು ನಿಂತು, “ನೋಡೇ, ಒಂದು ಕೇಳ್ತೀನಿ. ಯಾರಾದ್ರೂ ‘ಕೈ ಬಿಟ್ಟೋಯ್ತು’ ಅಂದ್ರೆ ನಿಂಗೇನ್ ಅರ್ಥ ಆಗುತ್ತೆ?” ಎಂದ. “ಇದೇನ್ರೀ, ಊಟದ ಹೊತ್ತಿಗೆ ಪರೀಕ್ಷೆ? ಹಿಡ್ಕೊಳ್ಳಕ್ಕೆ ಆಗ್ಲಿಲ್ಲ ಅಂತ. ಕೈ ಸೋತುಹೋಯ್ತು ಅಂತ. ಮೊನ್ನೆ ಸಿಲಿಂಡರ್ ಸರಿಸುವಾಗ ನಂಗಾಗ್ಲಿಲ್ವಾ, ಕಾಲಿನ ಮೇಲೆ ಬಿತ್ತಲ್ಲ?” “ಸರಿ. ‘ಕೈಬಿಟ್ಟೆ’ ಅಂದ್ರೆ?” “ಬೇಡ ಅಂತ ಬಿಟ್ಟೆ ಅಂತ. ನೀವು ಬೆಳಿಗ್ಗೆ ವಾಕಿಂಗ್ ಹೋಗೋದನ್ನ ಮೂರೇ ದಿನಕ್ಕೆ ಕೈಬಿಟ್ರಲ್ಲ, ಹಾಗೆ.” ಅವಳು ತಲೆಯೆತ್ತಿ ನೋಡಿ ನಗುವುದನ್ನು ನಿಲ್ಲಿಸಿದಳು. “ಊರಿಗೆಲ್ಲ ಭಾಷೆ ಕಲಿಸೋರಿಗೆ ಇದು ಗೊತ್ತಿಲ್ವಾ? ಯಾಕ್ರೀ, ಮುಖ ಹೀಗಾಗಿದೆ?” ಬಟಾಣಿ ಬಿಡಿಸುವಷ್ಟು ಹೊತ್ತಿನಲ್ಲಿ ಹೆಂಡತಿ ಹೇಳಿದಷ್ಟನ್ನು ತಿಳಿದು ಹೇಳಲು ಆ ದಿನ ಕೋರ್ಟಿನಲ್ಲಿ ಒಬ್ಬರೂ ಇರಲಿಲ್ಲವೇ? ಸರ್ಕಾರಿ ವಕೀಲರಿದ್ದರು, ಎದುರು ವಕೀಲರಿದ್ದರು, ಜವಾನನಿದ್ದ, ಗೋಡೆಗೊರಗಿ ನಿಂತ ಇಪ್ಪತ್ತು ಮೂವತ್ತು ಜನ ಗಂಡಸರಿದ್ದರು. ಎಲ್ಲರೂ ಮನೆಯಲ್ಲಿ ಇದೇ ಭಾಷೆ ಆಡುವವರೇ. ಒಂದರಲ್ಲಿ ಕೈ ಕರ್ತೃ, ಇನ್ನೊಂದರಲ್ಲಿ ನಾನು ಕರ್ತೃ. ಅಷ್ಟೇ ವ್ಯತ್ಯಾಸ. ತೀರ್ಪಿನ ಹದಿನಾಲ್ಕು ಪುಟ ನಿಂತಿದ್ದು ಅದರ ಮೇಲೆ: ಸಾಕ್ಷಿಯು ತಾನೇ ಪ್ರತಿರೋಧವನ್ನು ಕೈಬಿಟ್ಟಳೆಂದು ಒಪ್ಪಿರುವುದರಿಂದ, ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ.

ಅವನು ತಟ್ಟೆಯ ಮುಂದೆ ಕೂತ, ತಿನ್ನಲಾಗಲಿಲ್ಲ. “ಹಳೇ ಕೇಸಲ್ಲಿ ಒಂದು ತಪ್ಪು ಹೊಡೆದಿದ್ದೆ” ಎಂದ. “ದೊಡ್ಡದಾ?” “ಒಂದು ಮಾತು.” “ತಿದ್ದಿ ಮತ್ತೆ. ಬೇರೆಯವರದ್ದೆಲ್ಲ ತಿದ್ತೀರಿ, ನಿಮ್ದು ತಿದ್ದಕ್ಕೇನು ಕಷ್ಟ?” ಎಷ್ಟು ಸುಲಭವಾಗಿ ಹೇಳಿದಳು ಎಂದು ಅವನಿಗೆ ಸಿಟ್ಟೇ ಬಂತು. ಇವಳಿಗೆ ಗೊತ್ತಿಲ್ಲ. ತೀರ್ಪಾದ ವಾರದಲ್ಲಿ ನ್ಯಾಯಾಧೀಶರು ಅವನನ್ನು ಕೋಣೆಗೆ ಕರೆದು, ನಿನ್ನ ಭಾಷೆ ಇದ್ದರೆ ತೀರ್ಪು ತಾನೇ ಬರೆದುಕೊಳ್ಳುತ್ತದಯ್ಯಾ ಎಂದಿದ್ದರು. ಆ ಮಾತನ್ನು ಮನೆಗೆ ತಂದು ಇದೇ ಹೆಂಡತಿಗೆ ಎರಡು ಸಲ ಹೇಳಿದ್ದ, ಅವಳು ಹೊಸ ಸೀರೆ ಉಟ್ಟುಕೊಂಡು ಇಬ್ಬರೂ ಸಿನಿಮಾಕ್ಕೆ ಹೋಗಿದ್ದರು. ಅದೇ ತಿಂಗಳು ಕ್ಯಾಂಟೀನಿನಲ್ಲಿ ಗುಮಾಸ್ತರು ಹೊಸದೊಂದು ನಗೆಮಾತು ಆಡಿಕೊಳ್ಳುತ್ತಿದ್ದರು. ಕಾರ್ಖಾನೆಯ ಗೇಟಿನ ಹತ್ತಿರ ಆ ಹುಡುಗಿಗೆ ಗಂಡಸರು ಒಂದು ಹೆಸರು ಇಟ್ಟಿದ್ದರಂತೆ, ಕೈಬಿಟ್ಟೋಳು. ಏ ಕೈಬಿಟ್ಟೋಳೇ, ಇಲ್ಲಿ ಬಾರೇ. ನನ್ನ ಕೈಯೂ ಸ್ವಲ್ಪ ಬಿಡೇ. ಎಲ್ಲರೂ ನಕ್ಕಿದ್ದರು. ತಾನು ನಕ್ಕಿದ್ದೆನೋ ಇಲ್ಲವೋ ಈಗ ಎಷ್ಟು ನೆನೆಸಿಕೊಂಡರೂ ತಿಳಿಯದು. ಟೀ ಮುಗಿಸದೆ ಎದ್ದು ಹೋಗಿರಲಿಲ್ಲ ಎಂಬುದು ಮಾತ್ರ ಖಂಡಿತ. ಅವನ ವಾಕ್ಯದಿಂದ ಹುಟ್ಟಿದ ಹೆಸರು ಅದು. ಹಳೆಯ ಕಾಲದಲ್ಲಿ ಕಲ್ಲು ಹೊಡೆಯುತ್ತಿದ್ದರಂತೆ ಎಂದು ಬೆಳಿಗ್ಗೆ ತಲೆ ಅಲ್ಲಾಡಿಸಿದವನು ಇವನೇ. ಆಮೇಲೆ ಆ ಹುಡುಗಿಯನ್ನು ಮನೆಯವರು ಎಲ್ಲಿಗೋ ಕರೆದುಕೊಂಡು ಹೋದರು ಎಂದು ಕಿವಿಗೆ ಬಿತ್ತು. ಎಲ್ಲಿಗೆಂದು ವಿಚಾರಿಸಲಿಲ್ಲ.

ಎರಡು ಗಂಟೆಗೆ ವಕೀಲೆ ಬರುವ ಮೊದಲೇ ಅಂಗಡಿಯಲ್ಲಿದ್ದ. ಹೇಳಿಬಿಡುವುದೆಂದು ನಿಶ್ಚಯಿಸಿದ್ದ, ಹೇಗೆ ಹೇಳುವುದೆಂದೂ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ: ಆಗ ಕೆಲಸದ ಒತ್ತಡ, ಸದ್ದು ಗದ್ದಲ, ಕೇಳುವುದರಲ್ಲಿ ತಪ್ಪಾಯಿತು. ಹೇಳಿದ. ಅವಳು ಬ್ಯಾಗು ಹೆಗಲಿನಿಂದ ಇಳಿಸದೆ ನಿಂತೇ ಕೇಳಿದಳು. “ಅಂದ್ರೆ ಆ ಮಾತು ಅವಳು ಆಡಿದ್ದೇ ಅಲ್ಲ?” “ಅಲ್ಲಮ್ಮ. ಕೈ ಬಿಟ್ಟೋಯ್ತು ಅಂದ್ಲು.” ವಕೀಲೆ ಕುರ್ಚಿ ಎಳೆದುಕೊಂಡು ದೊಪ್ಪನೆ ಕೂತಳು. ಮೂವತ್ತು ವರ್ಷದಿಂದ ಎಷ್ಟು ಕೋರ್ಟು, ಎಷ್ಟು ಹೆಣ್ಣುಮಕ್ಕಳು, ಎಂದು ತನ್ನಷ್ಟಕ್ಕೇ ಏನೋ ಅಂದುಕೊಂಡಳು. ಅವಳ ಕಣ್ಣುಗಳು ದೊಡ್ಡವಾಗಿದ್ದವು. “ನಮ್ಮ ಲಾ ಕಾಲೇಜಿನ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಇದೆ ಮೇಷ್ಟ್ರೇ ಆ ಕೈಬಿಟ್ಟೆನು ಮೇಲೆ. ಪರೀಕ್ಷೆಗೆ ಬರೀತಿದ್ವಿ ನಾವು.” ಅವಳು ಸಿಟ್ಟಾಗುವಳೆಂದುಕೊಂಡಿದ್ದ. ಅವಳು ಸಿಟ್ಟಾಗಲಿಲ್ಲ, ಕೈಗೆ ಬಂದದ್ದನ್ನು ಕೆಲಸಕ್ಕೆ ಹಚ್ಚುವವಳು ಅವಳು. “ನೀವು ಅಫಿಡವಿಟ್ ಕೊಡ್ತೀರಾ? ಹೊಡೆದೋರೇ ಹೇಳಿದ್ರೆ ಆ ತೀರ್ಪಿನ ಬುಡವೇ ಅಲ್ಲಾಡುತ್ತೆ. ನಾಡಿದ್ದು ಅದನ್ನ ಓದೋ ಧೈರ್ಯ ಎದುರಿನವರಿಗೆ ಇರಲ್ಲ.” “ಕೊಡ್ತೀನಿ” ಎಂದ. ಒಂದು ಕ್ಷಣ ಎದೆ ಹಗುರವಾಯಿತು ಎಂದೇ ಹೇಳಬೇಕು. ತಪ್ಪು ಒಪ್ಪಿಕೊಂಡವನ ಸಣ್ಣ ಹೆಮ್ಮೆ ಆಗಲೇ ಮೊಳಕೆಯೊಡೆದಿತ್ತು. ಹೆಂಡತಿಗೆ ಸಂಜೆ ಹೇಳಬೇಕು ಎಂದೂ ಯೋಚಿಸಿದ್ದ.

“ಒಂದು ವಿಷಯ ಕೇಳ್ತಾರೆ” ಎಂದಳು ವಕೀಲೆ, ಪೆನ್ನಿನ ಟೋಪಿ ಕಚ್ಚುತ್ತ. “ಹೇಳಿಕೆ ಕೆಳಗೆ ನೀವೇ ಹೊಡೆದಿದೀರಲ್ಲ, ಓದಿ ಹೇಳಿ, ಕೇಳಿ, ಸರಿಯಿದೆ ಅಂತ. ಓದಿ ಹೇಳಿದಾಗ ಅವಳೇನೂ ಅನ್ನಲಿಲ್ವಾ?” ಜೆರಾಕ್ಸ್ ಯಂತ್ರ ತಾನಾಗಿ ಒಮ್ಮೆ ಗುರ್‍ರೆಂದು ನಿಂತಿತು. ಅನ್ನಲಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಇವಳು ನಂಬುತ್ತಿದ್ದಳು, ಕೋರ್ಟೂ ನಂಬುತ್ತಿತ್ತು, ಕಿವಿಯ ತಪ್ಪಿಗೆ ಯಾರೂ ಯಾರನ್ನೂ ನೇಣಿಗೆ ಹಾಕುವುದಿಲ್ಲ. ಅವನಿಗೆ ಕೇಳಿಸಿತ್ತು. ಸರಿಯಾಗಿಯೇ ಕೇಳಿಸಿತ್ತು. ಆ ಸಾಲು ಓದಿದಾಗ ಅವಳು ಮೊದಲ ಸಲ ಕೈಯಿಂದ ಕಣ್ಣು ತೆಗೆದು ಅವನನ್ನು ನೋಡಿದ್ದಳು. ಅಣ್ಣಾ, ನಾನು ಬಿಟ್ಟೆ ಅಂದಿಲ್ಲ, ಕೈ ಬಿಟ್ಟೋಯ್ತು ಅಂದೆ. ಅಣ್ಣಾ ಎಂದದ್ದಕ್ಕೆ ಹಿಂದೆ ಯಾರೋ ಕಿಸಕ್ಕೆಂದಿದ್ದರು, ಅವನಿಗೆ ನಾಚಿಕೆಯಾಗಿತ್ತು. ನ್ಯಾಯಾಧೀಶರು ಊಟಕ್ಕೆ ಎದ್ದು ಹೋಗಿದ್ದರು. ತಿದ್ದಬೇಕೆಂದರೆ ಇಡೀ ಪುಟ ಮತ್ತೆ ಹೊಡೆಯಬೇಕು, ಮೂರು ಪ್ರತಿ, ಅವರ ರುಜುವಿಗೆ ಮತ್ತೆ ಒಯ್ಯಬೇಕು, ಯಾಕೆ ತಪ್ಪಿತು ಎಂದು ಅವರು ಕೇಳಿದರೆ ವ್ಯಾಕರಣವೇ ತಪ್ಪಿದ ಎಂದಾಗುತ್ತದೆ. ಹಸಿವೆಯೂ ಆಗಿತ್ತು. ಎರಡೂ ಒಂದೇ ಕಣಮ್ಮ ಎಂದಿದ್ದ. ಹೆಬ್ಬೆಟ್ಟು ಬಿತ್ತು, ಅವನೂ ಊಟಕ್ಕೆ ಹೋದ.

“ಅಂದ್ಲು” ಎಂದ ಅವನು. “ಹಾಗಂದಿಲ್ಲ ಅಂತ ಅಂದ್ಲು. ಎರಡೂ ಒಂದೇ ಅಂದೆ ನಾನು.” ವಕೀಲೆ ಪೆನ್ನು ಬಾಯಿಂದ ತೆಗೆದಳು. ಬೆಳಿಗ್ಗೆಯಿಂದ ಇದ್ದ ಸಲುಗೆ ಅವಳ ಮುಖದಿಂದ ಇಳಿದುಹೋದದ್ದು ಅವನಿಗೆ ಕಂಡಿತು. “ಗೊತ್ತಿದ್ದೂ?” “ಗೊತ್ತಿದ್ದೂ.” “ಯಾಕೆ?” “ಮತ್ತೆ ಹೊಡೆಯಕ್ಕೆ ಬೇಜಾರಾಯ್ತು.” ಇಂಥ ಉತ್ತರಕ್ಕೆ ಅವಳು ಸಿದ್ಧಳಿರಲಿಲ್ಲ, ಯಾರಾದರೂ ಲಂಚ ಕೊಟ್ಟಿದ್ದರು, ಯಾರೋ ಹೆದರಿಸಿದ್ದರು ಎಂದಿದ್ದರೆ ಅವಳಿಗೂ ಎಷ್ಟೋ ವಾಸಿಯಾಗುತ್ತಿತ್ತೇನೋ. ಆಮೇಲೆ ವಕೀಲರ ಧ್ವನಿಯಲ್ಲಿ ಹೇಳಿದಳು: “ಇದು ಬರೆದ್ರೆ ಸುಳ್ಳು ದೃಢೀಕರಣ ಆಗುತ್ತೆ. ನಿಮ್ಮ ಮೇಲೇ ಕೇಸಾಗಬಹುದು. ಪೆನ್ಶನ್‌ಗೂ ಕೈ ಹಾಕ್ತಾರೆ. ನಾನು ಒತ್ತಾಯ ಮಾಡಲ್ಲ.” ಆಸ್ಪತ್ರೆಯ ಹುಡುಗಿಯನ್ನು ಅವನು ನೋಡಿರಲಿಲ್ಲ. ನೋಡಬೇಕೆಂದೂ ಅನ್ನಿಸಲಿಲ್ಲ, ನೋಡಿದರೆ ಈ ಧೈರ್ಯವೂ ಇರುತ್ತಿರಲಿಲ್ಲ. ಹೊಸ ಪುಟ ತೆರೆದು ಹೊಡೆಯತೊಡಗಿದ. ಮೊದಲ ವಾಕ್ಯವೇ ‘ದಾಖಲಾತಿಯಲ್ಲಿ ತಪ್ಪು ಸಂಭವಿಸಿರುತ್ತದೆ’ ಎಂದು ಬಂತು. ಸಂಭವಿಸಿರುತ್ತದೆ! ಅಳಿಸಿದ. ಎರಡನೆಯ ಸಲ ‘ಕಾರ್ಯಬಾಹುಳ್ಯದ ನಿಮಿತ್ತ’ ಎಂದು ಬಂತು, ಅದನ್ನೂ ಅಳಿಸಿದ. ಮೂವತ್ತಾರು ವರ್ಷ ಕಲಿತ ಬೆರಳುಗಳು ಅವನನ್ನು ಎಲ್ಲಿಂದ ಬೇಕಾದರೂ ಪಾರು ಮಾಡಬಲ್ಲವು, ಒಂದೊಂದು ವಾಕ್ಯದಲ್ಲೂ ಅವನು ಸದ್ದಿಲ್ಲದೆ ಹಿಂಬಾಗಿಲಿನಿಂದ ಹೊರಟುಹೋಗಬಹುದು. ಕೊನೆಗೆ ಒಂದೊಂದೇ ಅಕ್ಷರವನ್ನು ಹುಡುಕಿ ಹೊಡೆಯುವ ಹೊಸ ಕಲಿಕೆಯವನ ಹಾಗೆ ಹೊಡೆದ. ‘ಅವಳು ಹಾಗೆ ಹೇಳಲಿಲ್ಲ. ನಾನು ಹಾಗೆ ಹೊಡೆದೆ. ಅವಳು ತಪ್ಪು ಎಂದಳು. ನಾನು ಎರಡೂ ಒಂದೇ ಎಂದೆ. ಮತ್ತೆ ಹೊಡೆಯಲು ನನಗೆ ಬೇಜಾರಾಯಿತು.’ ಕೆಳಗೆ ಇನ್ನೊಂದು ಸಾಲು ಸೇರಿಸಿದ. ಅಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ವಕೀಲೆ ಅವಸರ ಮಾಡಲಿಲ್ಲ.

ಹಾಳೆ ಹೊರಬಂದಾಗ ಅವಳು ಕೈಗೆತ್ತಿಕೊಂಡು, “ರುಜು ಹಾಕೋಕೆ ಮೊದಲು ಓದಿ ಹೇಳ್ತೀನಿ, ಸರಿಯಿದೆಯಾ ನೋಡಿ” ಎಂದಳು. ನಿಧಾನವಾಗಿ, ಒಂದೊಂದು ಪದಕ್ಕೂ ನಿಂತು ಓದಿದಳು. ಇನ್ನೊಬ್ಬರ ಬಾಯಲ್ಲಿ ತನ್ನ ಮಾತು ಕೇಳುತ್ತ ಕೂರುವುದೆಂದರೆ ಏನೆಂದು ಅವನಿಗೆ ಈ ವಯಸ್ಸಿನಲ್ಲಿ ತಿಳಿಯಿತು. ಎಲ್ಲಿ ನೋಡುವುದೆಂದೇ ಗೊತ್ತಾಗುವುದಿಲ್ಲ. ಕೊನೆಯ ಸಾಲು ಹೀಗಿತ್ತು: ‘ಅನಂತರ ಅವಳು ಹೆಬ್ಬೆಟ್ಟು ಒತ್ತಿದಳು.’ “ಸರಿಯಿದೆಯಾ ಮೇಷ್ಟ್ರೇ?” “ಒತ್ತಿದಳು ಅನ್ನೋದು ತಪ್ಪು” ಎಂದ. “ಮತ್ತೆ?” “ಅವಳು ಒತ್ತಲಿಲ್ಲ. ಕೈ ಕೊಡೋದೇ ಇಲ್ಲ ಅಂದ್ಲು, ಹಿಂದಕ್ಕೆ ಕಟ್ಕೊಂಡ್ಲು. ಜವಾನ ಊಟಕ್ಕೆ ಹೋಗಿದ್ದ. ನಾನೇ ಹೋಗಿ ಮಣಿಕಟ್ಟು ಹಿಡ್ಕೊಂಡೆ. ಇಂಕಿನ ಪ್ಯಾಡಿಗೆ ಎಳ್ಕೊಂಡು ಬಂದೆ. ಅವಳು ಬಿಡಿಸ್ಕೊಳ್ಳಕ್ಕೆ ನೋಡಿದ್ಲು. ಚಿಕ್ಕ ಕೈ ಅದು, ಆದ್ರೂ ಬಹಳ ಗಟ್ಟಿ ಎಳೀತಿದ್ಲು. ನಾನು ಬಿಡಲಿಲ್ಲ.” ಅವನು ಕೀಲಿಮಣೆಯ ಮೇಲಿದ್ದ ತನ್ನ ಬಲಗೈಯನ್ನು ನೋಡುತ್ತಿದ್ದ. ಇಷ್ಟು ವರ್ಷ ಕಿವಿಯ ತಪ್ಪು, ಮಾತಿನ ತಪ್ಪು, ಸೋಮಾರಿತನ ಎಂದು ಏನೇನೋ ಹೆಸರಿಟ್ಟು ಮುಚ್ಚಿಟ್ಟದ್ದರ ಅಡಿಯಲ್ಲಿ ಇದಿತ್ತು, ಬೆಚ್ಚಗೆ, ಬೆರಳಿನ ಒಳಗೆ.

“ಆಮೇಲೆ?” ಎಂದಳು ವಕೀಲೆ. ಅವಳ ಧ್ವನಿ ತುಂಬ ಮೆಲ್ಲಗಿತ್ತು.

“ಆಮೇಲೆ,” ಎಂದ, “ಅವಳ ಕೈ ಬಿಟ್ಟೋಯ್ತು.”

ವಕೀಲೆ ಮೇಜಿನ ಮೇಲೆ ಅವನ ಕೈ ಪಕ್ಕದಲ್ಲಿಟ್ಟಿದ್ದ ತನ್ನ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. “ಹೊಡೀರಿ” ಎಂದಳು, ಅವನ ಮುಖ ನೋಡದೆ. “ಈಗ ಹೇಳಿದ್ರಲ್ಲ, ಅದನ್ನ ಹಾಗೇ ಹೊಡೀರಿ.”